ಪಿಸ್ತೂಲ್ ಆಮೇಲೆ, ಬೆಲ್ಟ್ ಮೊದಲು

ಹೋದ ಸಂಚಿಕೆಯಲ್ಲಿ ಅಮೆರಿಕದ ಕನ್ನಡಿಗರು ಶನಿವಾರ ಭಾನುವಾರ ಏನು ಮಾಡುತ್ತಾರೆ ಅಂತ ಬರೆದಿದ್ದೆ. ಕ್ರಿಕೆಟ್ ಬಗ್ಗೆ ಎರಡು ಪುಟ, ಕೊನೆಯಲ್ಲಿ ನನ್ನ ಬಗ್ಗೆ ಒಂದೇ ಸಾಲು: ಡಲ್ಲಾಸ್ ಹತ್ತಿರದ ಒಂದು ಶೂಟಿಂಗ್ ರೇಂಜಿನಲ್ಲಿ ತಿಂಗಳಿಗೆ ಎರಡು ಭಾನುವಾರ ಪ್ರಾಕ್ಟಿಕಲ್ ಪಿಸ್ತೂಲ್ ಮ್ಯಾಚ್ ಆಡುತ್ತೇನೆ ಅಂತ. ಕ್ರಿಕೆಟ್ಟಿಗೆ ಒಂದೂ ಪತ್ರ ಬರಲಿಲ್ಲ. ಆ ಒಂದು ಸಾಲಿಗೆ ರಾಶಿ ಬಂದಿವೆ. ಅರ್ಧ ಜನ ಕೇಳಿರುವುದು, ಯಾವ ಪಿಸ್ತೂಲ್ ತಗೊಳ್ಳಲಿ? ಇನ್ನರ್ಧ ಜನ ಕೇಳಿರುವುದು, ನಿಮಗೆ ಬುದ್ಧಿ ನೆಟ್ಟಗಿದೆಯಾ? ಎರಡನೇ ಪ್ರಶ್ನೆಯನ್ನು ನನ್ನ ಹೆಂಡತಿಯೂ ಕೇಳುತ್ತಿರುತ್ತಾಳೆ, ಅದನ್ನು ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಇಲ್ಲಿ ಮೊದಲನೆಯವರಿಗೆ ಉತ್ತರ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಒಲಿಂಪಿಕ್ಸಿನಲ್ಲಿ ನೋಡುವ, ಒಂದು ಕೈ ಜೇಬಿನಲ್ಲಿಟ್ಟು ಅಲ್ಲಾಡದೆ ನಿಂತು ಹೊಡೆಯುವ ಆಟ ಅಲ್ಲ. ಇಲ್ಲಿ ಓಡಬೇಕು. ಮರದ ಚೌಕಟ್ಟು, ಬಲೆ ಕಟ್ಟಿ ಗೋಡೆಗಳನ್ನು ಮಾಡಿರುತ್ತಾರೆ, ಅದರ ಸಂದಿಗಳಿಂದ ರಟ್ಟಿನ ಟಾರ್ಗೆಟ್ಟುಗಳು, ಹೊಡೆದರೆ ಬೀಳುವ ಉಕ್ಕಿನ ತಟ್ಟೆಗಳು ಕಾಣುತ್ತವೆ. ಇಂಥ ಒಂದೊಂದು ಏರ್ಪಾಟಿಗೂ ಸ್ಟೇಜ್ ಅಂತ ಹೆಸರು. ಟೈಮರ್ ಬೀಪ್ ಅಂದ ತಕ್ಷಣ ಸೊಂಟದಿಂದ ಪಿಸ್ತೂಲ್ ತೆಗೆದು, ಓಡುತ್ತಾ, ನಿಲ್ಲುತ್ತಾ, ಗುಂಡು ತುಂಬಿದ ಡಬ್ಬಿ ಅಂದರೆ ಮ್ಯಾಗಜೀನ್ ಬದಲಿಸುತ್ತಾ ಮುಗಿಸಬೇಕು. ಸಿಕ್ಕ ಅಂಕಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಬರುವುದು ಹಿಟ್ ಫ್ಯಾಕ್ಟರ್. 80 ಅಂಕ, 20 ಸೆಕೆಂಡು, ಅಂದರೆ 4. ಅದೇ 80 ಅಂಕವನ್ನು 16 ಸೆಕೆಂಡಿನಲ್ಲಿ ಹೊಡೆದವನಿಗೆ 5. ಆಟಕ್ಕೆ ಲೋಕದ ಮಟ್ಟದ ಸಂಸ್ಥೆ ಐಪಿಎಸ್‌ಸಿ, 1976ರಲ್ಲಿ ಮಿಸೌರಿಯ ಕೊಲಂಬಿಯಾ ಊರಿನಲ್ಲಿ ಶುರುವಾಯಿತು, ಮೊದಲ ಅಧ್ಯಕ್ಷ ಜೆಫ್ ಕೂಪರ್. ಅಮೆರಿಕದಲ್ಲಿ ನಡೆಸುವುದು ಯುಎಸ್‌ಪಿಎಸ್‌ಎ, 1984ರಿಂದ. ಇನ್ನು ಪತ್ರಗಳು.

ಸರ್, ಗ್ರೀನ್ ಕಾರ್ಡ್ ಬಂತು. ನಿಮ್ಮ ಆಟಕ್ಕೆ ಸೇರಬೇಕು ಅಂತ ಆಸೆ. ಕೈಯಲ್ಲಿ 1,300 ಡಾಲರ್ ಇದೆ. ಗೆಳೆಯನೊಬ್ಬ ಶ್ಯಾಡೋ 2 ತಗೋ, ಬೇರೆ ಯಾವುದನ್ನೂ ನೋಡಲೇಬೇಡ ಅನ್ನುತ್ತಾನೆ. ತಗೊಳ್ಳಲಾ?
— ಪ್ಲೇನೋ, ಟೆಕ್ಸಸ್

ಬೇಡ. ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ, ಸಿಝೆಡ್ ಶ್ಯಾಡೋ 2 ಒಳ್ಳೇ ಪಿಸ್ತೂಲ್, ನನ್ನ ಜೊತೆ ಆಡುವ ಸ್ಕ್ವಾಡಿನಲ್ಲೇ ಮೂರು ಜನರ ಹತ್ತಿರ ಇದೆ, ಎರವಲು ಹೊಡೆದಾಗಲೆಲ್ಲ ನನಗೂ ಹೊಟ್ಟೆ ಉರಿಯುತ್ತದೆ. ಖಾಲಿ ತೂಕವೇ 1,330 ಗ್ರಾಂ, ಹೊಡೆದರೆ ಮೂತಿ ಎದ್ದೇಳುವುದೇ ಇಲ್ಲ ಅನ್ನಿಸುತ್ತದೆ. ಆದರೆ ಅದಕ್ಕೇ ನಿಮ್ಮ ದುಡ್ಡೆಲ್ಲ ಹೋಗುತ್ತದೆ. ಗುಂಡಿಗೆ ಏನು ಮಾಡುತ್ತೀರಿ? ಬೆಲ್ಟಿಗೆ? ಮ್ಯಾಗಜೀನಿಗೆ? ಮದುವೆಗೆ ರೇಷ್ಮೆ ಸೀರೆ ತಂದು ರವಿಕೆ ಹೊಲಿಸಲು ಕಾಸಿಲ್ಲದೆ ಕೂತ ಹಾಗಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಶ್ಯಾಡೋ 2ಗೆ ಹೊರಗೆ ಕಾಣುವ ಹ್ಯಾಮರ್ ಇದೆ, ಬಡಿದು ಗುಂಡು ಹೊತ್ತಿಸುವ ಸುತ್ತಿಗೆಯಂಥ ಭಾಗ. ಪ್ರೊಡಕ್ಷನ್ ಮತ್ತು ಕ್ಯಾರಿ ಆಪ್ಟಿಕ್ಸ್ ಗುಂಪುಗಳಲ್ಲಿ ಆಡುವಾಗ ಹ್ಯಾಮರ್ ಕೆಳಗಿಟ್ಟೇ ಶುರು ಮಾಡಬೇಕು ಅನ್ನುವುದು ನಿಯಮ. ಆ ಪಿಸ್ತೂಲಿಗೆ ಹ್ಯಾಮರ್ ಇಳಿಸುವ ಸನ್ನೆ ಇಲ್ಲ. ಅಂದರೆ ಒಳಗೆ ಗುಂಡು ತುಂಬಿದ ಮೇಲೆ, ಹ್ಯಾಮರನ್ನು ಹೆಬ್ಬೆರಳಿನಲ್ಲಿ ಗಟ್ಟಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಕೆಳಗೆ ಬಿಡಬೇಕು. ಪ್ರತಿ ಸ್ಟೇಜಿಗೂ ಒಂದು ಸಲ. ಟೆಕ್ಸಸ್ಸಿನ ಜುಲೈ ತಿಂಗಳು, ಕೈ ಬೆವರಿದೆ, ಹಿಂದೆ ಹತ್ತು ಜನ ನೋಡುತ್ತಿದ್ದಾರೆ, ನಿಮ್ಮದು ಮೊದಲ ಮ್ಯಾಚ್. ಬೆರಳು ಜಾರಿ ಗುಂಡು ಹಾರಿದರೆ ಅಲ್ಲಿಗೆ ಡಿಕ್ಯೂ, ಅವತ್ತಿನ ಆಟ ಮುಗಿಯಿತು, ಸಾಮಾನು ಕಟ್ಟಿಕೊಂಡು ಹೊರಡಬೇಕು. ಒಂದು ವರ್ಷ ಆಡಿದವರಿಗೆ ಇದು ಅಭ್ಯಾಸವಾಗುತ್ತದೆ. ಮೊದಲ ದಿನವೇ ಯಾಕೆ ಬೇಕು?

ಹಾಗಾಗಿ ಹೊರಗೆ ಹ್ಯಾಮರ್ ಇಲ್ಲದ, ಸಾಧಾರಣ ಬೆಲೆಯ, ಪೂರ್ತಿ ಅಳತೆಯ 9 ಎಂ.ಎಂ. ಪಿಸ್ತೂಲ್ ನೋಡಿ. ಗ್ಲಾಕ್ 17 ಅಥವಾ 34, ವಾಲ್ಥರ್ ಪಿಡಿಪಿ, ಸಿಝೆಡ್ ಪಿ-10 ಎಫ್, ಕ್ಯಾನಿಕ್, ಯಾವುದಾದರೂ ನಡೆಯುತ್ತದೆ. ಇವುಗಳಲ್ಲಿ ಯಾವುದು ಮೇಲು ಅಂತ ಜನ ರಾತ್ರಿಯೆಲ್ಲ ಜಗಳ ಆಡುತ್ತಾರೆ. ನಾನು ಆಡಲ್ಲ. ಕೈಯಲ್ಲಿ ಹಿಡಿದು ನೋಡಿ, ಬೆರಳು ಟ್ರಿಗರ್‌ಗೆ ಸಲೀಸಾಗಿ ಸಿಗಬೇಕು, ಮ್ಯಾಗಜೀನ್ ಬಿಡುವ ಗುಂಡಿ ಹಿಡಿತ ಸಡಿಲಿಸದೆ ಸಿಗಬೇಕು, ಅಷ್ಟೇ. ನಮ್ಮವರ ಕೈ ಸಾಮಾನ್ಯವಾಗಿ ಟೆಕ್ಸಸ್ಸಿನವರ ಕೈಗಿಂತ ಚಿಕ್ಕದು. ಅಂಗಡಿಯವನ ಕೈಗೆ ಕೂತಿದ್ದು ನಿಮಗೆ ಕೂರಬೇಕು ಅಂತೇನಿಲ್ಲ.

ಗುಂಪು ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕುಸ್ತಿಯಲ್ಲಿ ತೂಕ ನೋಡಿ ಗುಂಪು ಮಾಡುವ ಹಾಗೆ ಇಲ್ಲಿ ಪಿಸ್ತೂಲ್ ನೋಡಿ ಗುಂಪು ಮಾಡುತ್ತಾರೆ, ಅದಕ್ಕೆ ಡಿವಿಷನ್ ಅಂತ ಹೆಸರು. ಕಬ್ಬಿಣದ ಸೈಟಿನ ಸಾದಾ ಪಿಸ್ತೂಲಾದರೆ ಪ್ರೊಡಕ್ಷನ್, ಮ್ಯಾಗಜೀನಿಗೆ 15 ಗುಂಡು ಮಾತ್ರ. ಅದರ ಮೇಲೆ ರೆಡ್ ಡಾಟ್, ಅಂದರೆ ಕೆಂಪು ಚುಕ್ಕಿ ತೋರಿಸುವ ಗಾಜಿನ ಸೈಟ್ ಕೂರಿಸಿದರೆ ಕ್ಯಾರಿ ಆಪ್ಟಿಕ್ಸ್, ಉದ್ದನೆಯ ಮ್ಯಾಗಜೀನಿನಲ್ಲಿ ಹಿಡಿಸಿದಷ್ಟು ತುಂಬಬಹುದು. ಓಪನ್, ಲಿಮಿಟೆಡ್ ಅಂತ ದುಡ್ಡಿದ್ದವರ ಗುಂಪುಗಳೂ ಇವೆ. ಓಪನ್ ಪಿಸ್ತೂಲಿನ ಬೆಲೆಗೆ ಊರಲ್ಲಿ ಒಂದು ಒಳ್ಳೇ ಬೈಕ್ ಬರುತ್ತದೆ, ಈಗ ಅತ್ತ ನೋಡಬೇಡಿ.

ಗುಂಡಿನ ಶಕ್ತಿಗೂ ಒಂದು ಲೆಕ್ಕ ಇದೆ, ಪವರ್ ಫ್ಯಾಕ್ಟರ್. ಗುಂಡಿನ ತೂಕವನ್ನು ಗ್ರೇನ್ ಅನ್ನುವ ಸಣ್ಣ ಅಳತೆಯಲ್ಲಿ ತಗೊಂಡು, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಅಂತ ತಗೊಂಡು, ಗುಣಿಸಿ, ಸಾವಿರದಿಂದ ಭಾಗಿಸಬೇಕು. ಕನಿಷ್ಠ 125 ಬಂದರೆ ಮೈನರ್, 165 ಮುಟ್ಟಿದರೆ ಮೇಜರ್. ಅಂಗಡಿಯ ಸಾದಾ 9 ಎಂ.ಎಂ., 115 ಗ್ರೇನ್, 1,150 ಅಡಿ ವೇಗ ಅಂದರೆ 132. ಸಾಕು. ಪ್ರೊಡಕ್ಷನ್, ಕ್ಯಾರಿ ಆಪ್ಟಿಕ್ಸ್ ಗುಂಪುಗಳಲ್ಲಿ ಎಲ್ಲರಿಗೂ ಮೈನರ್ ಅಂಕವೇ: ನಡುವಿನ ಎ ವಲಯಕ್ಕೆ 5, ಸಿಗೆ 3, ಡಿಗೆ 1. ತಪ್ಪಿದರೆ 10 ಕಳೆಯುತ್ತಾರೆ. ದೊಡ್ಡ ಗುಂಡಿನ ಆಸೆ ಬೇಡ.

ಈಗ ನಿಮ್ಮ 1,300. ನಮ್ಮ ಕಡೆಯ ಬೆಲೆಯಲ್ಲಿ, ಹೆಚ್ಚುಕಮ್ಮಿ ಹೀಗೆ: ಪಿಸ್ತೂಲಿಗೆ 550, ಅದರ ಜೊತೆ ಬರುವ ಎರಡು ಮೂರು ಮ್ಯಾಗಜೀನ್ ಸಾಲದು, ಇನ್ನೆರಡಕ್ಕೆ 60, ಬೆಲ್ಟಿಗೆ 80, ಪಿಸ್ತೂಲ್ ಇಡುವ ಕವರು ಅಂದರೆ ಹೋಲ್ಸ್ಟರಿಗೆ 70, ಮ್ಯಾಗಜೀನ್ ಪೌಚುಗಳಿಗೆ 100, ಕಿವಿಗೂ ಕಣ್ಣಿಗೂ ಸೇರಿ 75, ಸಾವಿರ ಗುಂಡಿಗೆ 250. ಕೂಡಿದರೆ 1,185. ಉಳಿದ 115ರಲ್ಲಿ ನಾಲ್ಕು ಮ್ಯಾಚಿನ ಫೀಸು ಆಗುತ್ತದೆ. ಒಂದು ಮ್ಯಾಚಿಗೆ ಐದಾರು ಸ್ಟೇಜ್, ಸುಮಾರು 150 ಗುಂಡು. ತಪ್ಪುವುದು, ಎರಡೆರಡು ಸಲ ಹೊಡೆಯುವುದು ಇದ್ದೇ ಇರುತ್ತದೆ, 200 ತಗೊಂಡು ಹೋಗಿ.

ಇದೆಲ್ಲ ಕೊಳ್ಳುವ ಮೊದಲು ಒಂದು ಭಾನುವಾರ ಬರಿಗೈಯಲ್ಲಿ ಮ್ಯಾಚಿಗೆ ಹೋಗಿ ಬನ್ನಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಅಷ್ಟು ಸಾಕು. ಹೊಸಬ ಅಂದರೆ ಅಲ್ಲಿನ ಜನ ತಮ್ಮ ಪಿಸ್ತೂಲನ್ನೇ ಕೊಟ್ಟು ನೋಡು ಅನ್ನುತ್ತಾರೆ. ನನಗೆ ಈ ದೇಶದಲ್ಲಿ ಇಷ್ಟು ಧಾರಾಳ ಬೇರೆಲ್ಲೂ ಸಿಕ್ಕಿಲ್ಲ.

ಬೆಲ್ಟಿಗೆ ಯಾಕೆ ದುಡ್ಡು ಸುರಿಯಬೇಕು ಅಂತ ಅರ್ಥ ಆಗಲಿಲ್ಲ. ಪ್ಯಾಂಟಿನ ಬೆಲ್ಟ್ ಇದೆಯಲ್ಲ?
— ಹ್ಯೂಸ್ಟನ್

ನನಗೂ ಹಾಗೇ ಅನ್ನಿಸಿತ್ತು. ಕೇಳಿ.

ನನ್ನ ಮೊದಲ ಮ್ಯಾಚ್. ಒಳ್ಳೇ ಪಿಸ್ತೂಲ್ ಇತ್ತು, ಸಾಲದ್ದಕ್ಕೆ ಟ್ರಿಗರ್ ಬೇರೆ ಬದಲಿಸಿದ್ದೆ. ಸೊಂಟಕ್ಕೆ ಆಫೀಸಿಗೆ ಹಾಕುವ ಚರ್ಮದ ಬೆಲ್ಟ್, ಅದಕ್ಕೆ ಒಳಗಡೆ ಸಿಕ್ಕಿಸುವ ಅಗ್ಗದ ಹೋಲ್ಸ್ಟರ್, ಹದಿನೆಂಟು ಡಾಲರಿನದು. ಮೂರನೇ ಸ್ಟೇಜ್. ರೇಂಜ್ ಆಫೀಸರ್ ಹಿಂದೆ ನಿಂತು ಮೇಕ್ ರೆಡಿ ಅಂದರು. ತುಂಬಿದೆ, ಹೋಲ್ಸ್ಟರಿಗೆ ಹಾಕಿದೆ. ಆರ್ ಯೂ ರೆಡಿ, ಸ್ಟ್ಯಾಂಡ್ ಬೈ, ಬೀಪ್. ಎಳೆದೆ. ಪಿಸ್ತೂಲಿನ ಜೊತೆ ಹೋಲ್ಸ್ಟರೂ ಬಂತು! ಕವರಿನ ಸಮೇತ ಪಿಸ್ತೂಲನ್ನು ಎರಡೂ ಕೈಯಲ್ಲಿ ಟಾರ್ಗೆಟ್ಟಿನ ಕಡೆ ಹಿಡಿದು ನಿಂತಿದ್ದೇನೆ, ಏನು ಮಾಡುವುದು ಅಂತಲೇ ತೋಚುತ್ತಿಲ್ಲ. ಸ್ಟಾಪ್ ಅಂತ ಕೂಗಿದರು. ಅಲ್ಲಾಡದೆ ನಿಂತೆ, ಅದೊಂದೇ ನಾನು ಅವತ್ತು ಸರಿಯಾಗಿ ಮಾಡಿದ ಕೆಲಸ. ಅವರೇ ನಿಧಾನಕ್ಕೆ ಹೇಳಿಕೊಟ್ಟು ಬಿಡಿಸಿ, ಖಾಲಿ ಮಾಡಿಸಿದರು. ಆ ಸ್ಟೇಜಿಗೆ ಸೊನ್ನೆ. ಸ್ಕ್ವಾಡಿನ ಮುದುಕರೊಬ್ಬರು ಬಂದು ಬೆನ್ನು ತಟ್ಟಿ, ಮಗಾ, ಟ್ರಿಗರ್‌ಗೆ ಹಾಕಿದ ದುಡ್ಡನ್ನ ಬೆಲ್ಟಿಗೆ ಹಾಕಬೇಕಿತ್ತು ಅನ್ನುವ ಅರ್ಥದಲ್ಲಿ ಏನೋ ಅಂದರು. ಮೊದಲ ಎರಡು ಸ್ಟೇಜಿನಲ್ಲೇ ನನ್ನ ಬೆಲ್ಟ್ ಜಗ್ಗುತ್ತಿದ್ದುದನ್ನು ಅವರು ನೋಡಿದ್ದರಂತೆ.

ಬೆಲ್ಟ್ ಅಂದರೆ ಎರಡು ಪದರದ್ದು. ಒಳಗಿನದು ತೆಳ್ಳಗೆ, ಪ್ಯಾಂಟಿನ ಲೂಪುಗಳಲ್ಲಿ ಹೋಗುತ್ತದೆ, ಅದರ ಹೊರಮೈ ಪೂರ್ತಿ ವೆಲ್ಕ್ರೋ. ಹೊರಗಿನದು ದಪ್ಪ, ಹಲಗೆಯ ಹಾಗೆ ಬಿರುಸು, ಅದರ ಒಳಮೈಯೂ ವೆಲ್ಕ್ರೋ. ಹೋಲ್ಸ್ಟರ್, ಪೌಚು ಎಲ್ಲ ಹೊರಗಿನದಕ್ಕೆ ಸ್ಕ್ರೂ ಹಾಕಿ ಒಂದು ಸಲ ಕೂರಿಸಿದರೆ ಮುಗಿಯಿತು. ಮ್ಯಾಚಿನ ದಿನ ಚರ್ರ್ ಅಂತ ಅಂಟಿಸಿಕೊಳ್ಳುವುದು, ಮುಗಿದ ಮೇಲೆ ಚರ್ರ್ ಅಂತ ಕಿತ್ತುಕೊಳ್ಳುವುದು. ಕೈ ಪ್ರತಿ ಸಲವೂ ಹೋದ ಜಾಗಕ್ಕೇ ಹೋಗುತ್ತದೆ, ಪಿಸ್ತೂಲ್ ಅಲ್ಲೇ ಇರುತ್ತದೆ. ಇಷ್ಟಕ್ಕೇ ದುಡ್ಡು.

ಹೋಲ್ಸ್ಟರ್ ಕೈಡೆಕ್ಸ್ ಪ್ಲಾಸ್ಟಿಕ್ಕಿನದು ತಗೊಳ್ಳಿ, ನಿಮ್ಮ ಪಿಸ್ತೂಲಿನ ಮಾಡೆಲ್ಲಿಗೇ ಅಚ್ಚು ಹಾಕಿದ್ದು. ಎಲ್ಲಾ ಪಿಸ್ತೂಲಿಗೂ ಆಗುತ್ತೆ ಅಂತ ಮಾರುವ ಬಟ್ಟೆಯ ಚೀಲ ಬೇಡವೇ ಬೇಡ. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಸೊಂಟದ ಹೊರಗಡೆ ಕೂರಬೇಕು. ಕಂಕುಳಲ್ಲಿ ನೇತಾಡುವ ಸಿನಿಮಾ ಪೊಲೀಸರ ಹೋಲ್ಸ್ಟರಿಗೆ ಇಲ್ಲಿ ಅನುಮತಿ ಇಲ್ಲ. ತೋರುಬೆರಳಿನಿಂದ ಗುಂಡಿ ಒತ್ತಿ ಬಿಡಿಸುವ ಬಗೆಯದನ್ನು ಕೆಲವು ಕ್ಲಬ್ಬುಗಳು ಒಳಗೇ ಬಿಡುವುದಿಲ್ಲ. ಕಾರಣ ಸುಲಭ: ಗುಂಡಿ ಒತ್ತುತ್ತಿರುವ ಬೆರಳು ಪಿಸ್ತೂಲ್ ಹೊರಬಂದ ಕೂಡಲೇ ಒತ್ತುತ್ತಲೇ ಹೋಗಿ ಟ್ರಿಗರ್ ಮೇಲೆ ಬಂದು ಕೂರುತ್ತದೆ.

ಪೌಚು ನಾಲ್ಕು. ಒಂದು ಸ್ಟೇಜಿಗೆ ಹೆಚ್ಚೆಂದರೆ 32 ಗುಂಡು ಬೇಕಾಗುವ ಹಾಗೆ ಕಟ್ಟುತ್ತಾರೆ. 15ರ ಲೆಕ್ಕದಲ್ಲಿ ಎರಡು ಮ್ಯಾಗಜೀನಿಗೆ 30, ಅಲ್ಲಿಗೇ ಮೂರನೆಯದು ಬೇಕಾಯಿತು. ಒಂದು ಗುಂಡು ತಪ್ಪಿತು, ಒಂದು ಮ್ಯಾಗಜೀನ್ ಕೈ ತಪ್ಪಿ ಮಣ್ಣಿಗೆ ಬಿತ್ತು ಅಂದರೆ ನಾಲ್ಕನೆಯದು. ಮ್ಯಾಗಜೀನಿನಲ್ಲಿ ಗುಂಡಿನ ತುದಿ ಹೊಟ್ಟೆಯ ಕಡೆಗೆ ಮುಖ ಮಾಡಿರಲಿ, ಆಗ ತೋರುಬೆರಳು ತಾನಾಗಿಯೇ ಮೊದಲ ಗುಂಡಿನ ಮೇಲೆ ಬರುತ್ತದೆ. ಪೌಚಿನಲ್ಲಿ ಒಂದು ಸ್ಕ್ರೂ ಇರುತ್ತದೆ, ಹಿಡಿತ ಬಿಗಿ ಮಾಡಲು. ಅದನ್ನು ಮನೆಯಲ್ಲೇ ನೋಡಿಕೊಳ್ಳಿ: ಖಾಲಿ ಮ್ಯಾಗಜೀನ್ ಹಾಕಿಕೊಂಡು ಹಿತ್ತಲಲ್ಲಿ ನಾಲ್ಕು ಹೆಜ್ಜೆ ಓಡಿ. ಬಿದ್ದರೆ ಬಿಗಿ ಮಾಡಿ. ಅಕ್ಕಪಕ್ಕದವರು ನೋಡಿದರೆ ನೋಡಲಿ. ಪಿಸ್ತೂಲನ್ನು ಮಾತ್ರ ಒಳಗೇ ಬಿಟ್ಟು ಬನ್ನಿ.

ನಾನು ಎಚ್-1ಬಿ. ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿದೆ, ಎಂಟು ವರ್ಷವಾಯಿತು. ರೇಂಜಿನಲ್ಲಿ ಬಾಡಿಗೆ ಪಿಸ್ತೂಲ್ ಹೊಡೆದರೆ ತೊಂದರೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೌದಾ?
— ಹೆಸರೂ ಬೇಡ, ಊರೂ ಬೇಡ ಅಂದಿದ್ದಾರೆ

ಎಲ್ಲರೂ ಹೇಳುತ್ತಾರೆ, ಹೌದು. ಎಲ್ಲರೂ ಹೇಳುವುದು ತಪ್ಪು.

ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಇರುವವರು ಬಂದೂಕು, ಪಿಸ್ತೂಲ್ ಮಾತ್ರ ಅಲ್ಲ, ಗುಂಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲವೂ ಇದರಲ್ಲಿ ಬಂತು. ರೇಂಜಿನಲ್ಲಿ ಅರ್ಧ ಗಂಟೆ ಬಾಡಿಗೆಗೆ ತಗೊಂಡು ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಹಾಗೇ. ಕೌಂಟರಿನವರು ಕೇಳಲಿಲ್ಲ ಅನ್ನುವುದು ವಾದ ಆಗುವುದಿಲ್ಲ. ಕೆಲವು ವಿನಾಯಿತಿಗಳಿವೆ, ಮುಖ್ಯವಾದದ್ದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ. ಬೇಟೆಯನ್ನೇ ಆಡದವರೂ ಅದನ್ನು ಮಾಡಿಸಿಕೊಂಡು ರೇಂಜಿಗೆ ಬರುವುದು ನಮ್ಮವರಲ್ಲಿ ಮಾಮೂಲು. ಆದರೆ ನಿಮ್ಮ ಸ್ಥಿತಿಗೆ ಅದು ಒಪ್ಪುತ್ತದಾ, ನಿಮ್ಮ ರಾಜ್ಯದ ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಇಮಿಗ್ರೇಷನ್ ವಕೀಲರ ಹತ್ತಿರ ಕೇಳಿ. ಅವರ ಫೀಸು ಒಂದು ಹೋಲ್ಸ್ಟರಿನ ಬೆಲೆಗಿಂತ ಜಾಸ್ತಿ ಆಗುತ್ತದೆ, ಆದರೂ ಕೇಳಿ. ಬಂದೂಕಿನ ಅಪರಾಧ ಗಡೀಪಾರಿಗೆ ಕಾರಣವಾಗುವಂಥದ್ದು. ಎಂಟು ವರ್ಷ ಕಾದವರು ಅರ್ಧ ಗಂಟೆಯ ಆಸೆಗೆ ಅದನ್ನು ಪಣಕ್ಕಿಡಬೇಡಿ. ಅರ್ಜಿ ಹಾಕಿ ಕೂತಿರುವುದು ಗ್ರೀನ್ ಕಾರ್ಡ್ ಅಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ಮ್ಯಾಚಿಗೆ ಬನ್ನಿ, ನೋಡಿ. ರಟ್ಟಿನ ಮೇಲಿನ ತೂತುಗಳಿಗೆ ಕಂದು ಕಾಗದ ಅಂಟಿಸುವುದು, ಬಿದ್ದ ತಟ್ಟೆ ಎತ್ತಿ ನಿಲ್ಲಿಸುವುದು, ಟ್ಯಾಬ್ಲೆಟ್ಟಿನಲ್ಲಿ ಪ್ರಾಕ್ಟಿಸ್ಕೋರ್ ಅನ್ನುವ ಆ್ಯಪ್ ಹಿಡಿದು ಅಂಕ ಬರೆಯುವುದು, ಇದಕ್ಕೆಲ್ಲ ಯಾವಾಗಲೂ ಜನ ಸಾಲದು. ಒಂದು ವರ್ಷ ಅಂಕ ಬರೆದವನಿಗೆ ಸ್ಟೇಜ್ ಓದುವುದು ನನಗಿಂತ ಚೆನ್ನಾಗಿ ಬರುತ್ತದೆ.

ನಮ್ಮದು ವಿರಾಜಪೇಟೆ ಕಡೆ. ಕೈಲ್ ಪೊಳ್ದ್‌ಗೆ ತೆಂಗಿನಕಾಯಿ ಹೊಡೆದು ಬೆಳೆದವನು ನಾನು, ಈಗ ಇಲ್ಲಿ ಸಿಟಿಜನ್. ನನಗೂ ಹೊಸಬರ ಸಾಮಾನೇ ಬೇಕಾ?
— ಕೊಲಂಬಸ್, ಒಹಾಯೋ

ಸಾಮಾನು ಹೊಸಬರದ್ದೇ. ಮನುಷ್ಯ ಮಾತ್ರ ಹೊಸಬ ಅಲ್ಲ, ಅಷ್ಟು ಒಪ್ಪುತ್ತೇನೆ.

ಬೇರೆ ಓದುಗರಿಗೆ: ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಅನ್ನುವ ಹಳೇ ಹಕ್ಕಿನ ಜಮೀನು ಹಿಡಿದವರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ.

ನಿಮಗೆ ಗುರಿ ಗೊತ್ತು, ಉಸಿರು ಗೊತ್ತು, ಶಬ್ದಕ್ಕೆ ಬೆಚ್ಚುವುದಿಲ್ಲ. ಇವೆಲ್ಲ ದೊಡ್ಡ ಲಾಭ. ಆದರೆ ಕೋವಿ ಕಲಿಸಿದ ಎರಡು ಅಭ್ಯಾಸ ಇಲ್ಲಿ ಕಾಡುತ್ತವೆ. ಒಂದು, ಕಣ್ಣು ಮುಚ್ಚುವುದು. ಕೋವಿಯಲ್ಲಿ ಒಂದು ಕಣ್ಣು ಮುಚ್ಚಿ ನಡೆಯುತ್ತಿತ್ತು, ಇಲ್ಲಿ ಓಡುವಾಗ ಎರಡೂ ಕಣ್ಣು ತೆರೆದಿರಬೇಕು. ಮೊದಲು ನಿಮ್ಮ ಬಲವಾದ ಕಣ್ಣು ಯಾವುದು ನೋಡಿಕೊಳ್ಳಿ: ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಒಂದು ಸ್ವಿಚ್ಚನ್ನು ಅದರೊಳಗೆ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಸ್ವಿಚ್ ಕಿಂಡಿಯಲ್ಲೇ ಉಳಿಯುತ್ತದೋ ಅದೇ. ಬಲಗೈಯವರಿಗೆ ಎಡಗಣ್ಣು ಬಂದರೂ ಗಾಬರಿ ಬೇಡ. ಕೋವಿಯಲ್ಲಿ ಅದು ದೊಡ್ಡ ತಲೆನೋವು, ಪಿಸ್ತೂಲಿನಲ್ಲಿ ಅದನ್ನು ಎರಡು ಬೆರಳಿನಷ್ಟು ಎಡಕ್ಕೆ ಹಿಡಿದರೆ ಆಯಿತು.

ಎರಡನೆಯದು ಮೂತಿ. ಉದ್ದ ನಳಿಗೆ ಎತ್ತ ತಿರುಗಿದೆ ಅಂತ ಕೈಗೇ ಗೊತ್ತಾಗುತ್ತದೆ. ಒಂದು ಗೇಣಿನ ಪಿಸ್ತೂಲ್ ಹಾಗಲ್ಲ. ಎಡಕ್ಕೆ ಓಡುತ್ತಾ ಬಲಗೈಯವನು ಸುಮ್ನೆ ಮಣಿಕಟ್ಟು ಸಡಿಲ ಬಿಟ್ಟರೂ ಸಾಕು, ಮೂತಿ ಹಿಂದಿನವರ ಕಡೆ ತಿರುಗಿಬಿಡುತ್ತದೆ. ಟಾರ್ಗೆಟ್ಟಿನ ಕಡೆ ಮುಖ ಮಾಡಿ ನಿಂತಾಗ ಎಡದಿಂದ ಬಲಕ್ಕೆ 180 ಡಿಗ್ರಿ, ಆ ಗೆರೆ ದಾಟಿ ಮೂತಿ ಹಿಂದೆ ಬಂದರೆ ಡಿಕ್ಯೂ. ಓಡುವಾಗ ಬೆರಳು ಟ್ರಿಗರ್ ಗಾರ್ಡಿನೊಳಗೆ ಇದ್ದರೂ ಡಿಕ್ಯೂ, ಪಿಸ್ತೂಲ್ ಕೆಳಗೆ ಬಿದ್ದರೂ ಡಿಕ್ಯೂ. ಬಿದ್ದರೆ ದಯವಿಟ್ಟು ಹಿಡಿಯಲು ಹೋಗಬೇಡಿ, ಬಗ್ಗಿ ಎತ್ತಲೂ ಬೇಡಿ. ಅದನ್ನು ರೇಂಜ್ ಆಫೀಸರ್ ಎತ್ತುತ್ತಾರೆ.

ಇನ್ನೊಂದು. ಕಾರಿನಿಂದ ಇಳಿದ ತಕ್ಷಣ ಪಿಸ್ತೂಲ್ ತೆಗೆದು ನೋಡುವ ಹಾಗಿಲ್ಲ. ರೇಂಜ್ ಆಫೀಸರ್ ಹೇಳುವವರೆಗೆ ಎಲ್ಲರದ್ದೂ ಖಾಲಿ. ಸೊಂಟಕ್ಕೆ ಏರಿಸಲು, ಚೀಲಕ್ಕೆ ಇಳಿಸಲು ಸೇಫ್ ಏರಿಯಾ ಅಂತ ಮೇಜು ಇಟ್ಟಿರುತ್ತಾರೆ, ಅಲ್ಲಿ ಪಿಸ್ತೂಲ್ ಮುಟ್ಟಬಹುದು, ಗುಂಡು ಮುಟ್ಟಬಾರದು.

ನ್ಯೂಜೆರ್ಸಿಯಲ್ಲಿದ್ದೇನೆ. 17 ಗುಂಡಿನ ಮ್ಯಾಗಜೀನ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ತರಿಸಲಾ?
— ಎಡಿಸನ್

ತರಿಸಬೇಡಿ. ನಿಮ್ಮಲ್ಲಿ 2018ರಿಂದ ಮಿತಿ 10. ಕ್ಯಾಲಿಫೋರ್ನಿಯದಲ್ಲೂ 10. ಟೆಕ್ಸಸ್ಸಿನಲ್ಲಿ ಇಂಥ ಮಿತಿ ಇಲ್ಲ ಅಂತ ನನ್ನ ಮೇಲಿನ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ನೀವು ಹತ್ತರ ಮ್ಯಾಗಜೀನ್ ಐದಾರು ತಗೊಂಡು ಪೌಚೂ ಅಷ್ಟೇ ಕಟ್ಟಿಕೊಳ್ಳಬೇಕು. ಒಂದು ಒಳ್ಳೇದು, ಮ್ಯಾಗಜೀನ್ ಬದಲಿಸುವುದರಲ್ಲಿ ನಿಮ್ಮ ಕೈ ನಮಗಿಂತ ಬೇಗ ಪಳಗುತ್ತದೆ.

ಅಣ್ಣಾ, ಇದು ನಮ್ಮ ಯಜಮಾನರ ಬಗ್ಗೆ. ಹೋದ ತಿಂಗಳಿಂದ ಅವರೂ ಈ ಆಟಕ್ಕೆ ಹೋಗುತ್ತಿದ್ದಾರೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಸೇಫ್ ತಂದಿದ್ದಾರೆ, ಅದು ಸರಿ. ಬೇರೆ ಏನು ನೋಡಬೇಕು?
— ಫ್ರಿಸ್ಕೋ, ಟೆಕ್ಸಸ್

ಅಕ್ಕಾ, ಈ ಸಲ ಬಂದ ಪತ್ರಗಳಲ್ಲಿ ಇದೇ ಒಳ್ಳೇ ಪ್ರಶ್ನೆ, ಗಂಡಸರು ಒಬ್ಬರೂ ಕೇಳಿಲ್ಲ.

ಸೀಸ. ಗುಂಡಿನಲ್ಲಿ ಸೀಸ, ಅದನ್ನು ಹೊತ್ತಿಸುವ ಪ್ರೈಮರಿನಲ್ಲೂ ಸೀಸ. ಪ್ರತಿ ಸಲ ಹೊಡೆದಾಗ ಕಣ್ಣಿಗೆ ಕಾಣದ ಧೂಳು ಕೈಗೆ, ಅಂಗಿಗೆ, ಕೂದಲಿಗೆ, ಬೂಟಿಗೆ ಮೆತ್ತುತ್ತದೆ. ಒಳಾಂಗಣ ರೇಂಜಿನಲ್ಲಿ ಇನ್ನೂ ಜಾಸ್ತಿ. ಮಕ್ಕಳ ರಕ್ತದಲ್ಲಿ ಇಷ್ಟರವರೆಗೆ ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಮೂರು ವರ್ಷದ ಮಗು ನೆಲದ ಮೇಲೆ ಆಡುತ್ತದೆ, ಕೈ ಬಾಯಿಗೆ ಹಾಕುತ್ತದೆ. ಹಾಗಾಗಿ ಯಜಮಾನರಿಗೆ ಹೇಳಿ: ರೇಂಜಿನ ಬೂಟು ಗ್ಯಾರೇಜ್ ದಾಟಿ ಒಳಗೆ ಬರಬಾರದು. ನಮಗೆ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ಹೊಸದಲ್ಲ, ಅಲ್ವಾ? ಅಂಗಿ ಪ್ಯಾಂಟು ನೇರ ವಾಷಿಂಗ್ ಮೆಷಿನ್ನಿಗೆ, ಬೇರೆಯಾಗಿ. ರೇಂಜಿನಲ್ಲೇ ತಣ್ಣೀರಲ್ಲಿ ಕೈ ಮುಖ ತೊಳೆಯಬೇಕು, ಸೀಸ ತೆಗೆಯುವುದಕ್ಕೇ ಅಂತ ಮಾರುವ ಸೋಪು, ಒದ್ದೆ ಒರೆಸುವ ಹಾಳೆ ಸಿಗುತ್ತವೆ, ಹತ್ತು ಹದಿನೈದು ಡಾಲರ್. ಸ್ನಾನ ಆಗುವವರೆಗೆ ಮಗಳನ್ನು ಎತ್ತಿಕೊಳ್ಳುವ ಹಾಗಿಲ್ಲ. ಅವಳು ಓಡಿ ಬಂದು ತಬ್ಬಿಕೊಳ್ಳುತ್ತಾಳೆ, ಅದೇ ಕಷ್ಟ. ನನ್ನ ಮಗನಿಗೆ ಇದನ್ನು ಕಲಿಸಲು ಆರು ತಿಂಗಳು ಹಿಡಿಯಿತು. ಈಗ ಅವನೇ ಬಾಗಿಲಲ್ಲಿ ನಿಂತು ಸ್ನಾನ ಆಯ್ತಾ ಅಂತ ತಡೆಯುತ್ತಾನೆ. ಖಾಲಿ ತೋಟೆಗಳು ಹಿತ್ತಾಳೆ, ಫಳಫಳ ಹೊಳೆಯುತ್ತವೆ, ಮಕ್ಕಳಿಗೆ ಆಟಕ್ಕೆ ಕೊಡುವವರನ್ನು ನೋಡಿದ್ದೇನೆ. ಕೊಡಬೇಡಿ.

ಮನೆಯಲ್ಲಿ ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಾರೆ, ಡ್ರೈ ಫೈರ್ ಅನ್ನುತ್ತಾರೆ. ಮಾಡಲಿ, ಆಟ ಬೆಳೆಯುವುದೇ ಅದರಿಂದ, ಖರ್ಚೂ ಇಲ್ಲ. ಆದರೆ ಆ ಕೋಣೆಯಲ್ಲಿ ಒಂದೂ ಗುಂಡು ಇರಬಾರದು, ಮಗು ಮಲಗಿರಬೇಕು, ಮುಗಿದ ಮೇಲೆ ಇನ್ನೊಂದೇ ಸಲ ಅನ್ನುವ ಮಾತಿಲ್ಲ.

ಕೊನೆಗೆ, ಇದು ಮುಖ್ಯ. ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಒಯ್ಯಬೇಡಿ. ಮೂಲೆಯಲ್ಲಿ, ಹೊಲಿಗೆ ಬಿಟ್ಟ ಲೈನಿಂಗಿನೊಳಗೆ ಒಂದು ಗುಂಡು ಉಳಿದಿದ್ದರೂ ಸಾಕು. ಬೆಂಗಳೂರು ಏರ್‌ಪೋರ್ಟಿನಲ್ಲಿ ಎಕ್ಸ್-ರೇಗೆ ಅದು ಕಂಡರೆ ಆರ್ಮ್ಸ್ ಆಕ್ಟ್ ಕೇಸು, ರಜೆಯೆಲ್ಲ ಸ್ಟೇಷನ್ನು, ಕೋರ್ಟು ಅಂತ ಕಳೆಯುತ್ತದೆ. ರೇಂಜ್ ಬ್ಯಾಗಿಗೆ ನಾನು ಕೆಂಪು ರಿಬ್ಬನ್ ಕಟ್ಟಿದ್ದೇನೆ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ ಅಣ್ಣಾ. ವಿಡಿಯೊ ನೋಡಿ ಹುಚ್ಚು ಹಿಡಿದಿದೆ. ಇಲ್ಲಿ ಹೇಗೆ ಶುರು ಮಾಡಲಿ?
— ಬಸವನಗುಡಿ

ಅಲ್ಲಿ ಇದೇ ಆಟವನ್ನು ಈ ರೀತಿ ಆಡುವುದು ಕಷ್ಟ ತಮ್ಮಾ. 9 ಎಂ.ಎಂ. ನಮ್ಮ ದೇಶದಲ್ಲಿ ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ಅಳತೆ, ಸಾಮಾನ್ಯರಿಗೆ ಸಿಗುವುದಿಲ್ಲ. ಆದರೆ 10 ಮೀಟರ್ ಏರ್ ಪಿಸ್ತೂಲ್ ಇದೆ. .177 ಅಳತೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯದಕ್ಕೆ ಲೈಸೆನ್ಸ್ ಬೇಡ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಪದಕ ಗೆದ್ದಿದ್ದು ಇದರಲ್ಲೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊಗೆ ಹೋಗಿದ್ದೂ ಪಿಸ್ತೂಲ್ ಹಿಡಿದೇ.

ಈಗಲೇ ಪಿಸ್ತೂಲ್ ಕೊಳ್ಳಬೇಡ. ಊರಲ್ಲಿ ಅಕಾಡೆಮಿಗಳಿವೆ, ಅವರದ್ದರಲ್ಲೇ ಮೂರು ತಿಂಗಳು ಹೊಡಿ. 75 ನಿಮಿಷದಲ್ಲಿ 60 ಗುಂಡು, ಒಂದೇ ಕೈ. ಬೋರು ಹೊಡೆಸುತ್ತದೆ. ಆದರೆ ಟ್ರಿಗರ್ ಒತ್ತುವಾಗ ಸೈಟ್ ಅಲ್ಲಾಡದ ಹಾಗೆ ಒತ್ತುವುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಆಟ ಬೇರೊಂದಿಲ್ಲ. ಓಡುವುದನ್ನು ಯಾವಾಗ ಬೇಕಾದರೂ ಕಲಿಯಬಹುದು. ನಾನು ಉಲ್ಟಾ ಕಲಿತೆ, ಮೊದಲು ಓಡಲು, ಆಮೇಲೆ ಗುರಿ ಇಡಲು. ಏಳು ವರ್ಷವಾದರೂ ಸಿ ಕ್ಲಾಸಿನಲ್ಲೇ ಕೂತಿದ್ದೇನೆ. ಸಿ ಅಂದರೆ, ಅತ್ಯುತ್ತಮ ಆಟವನ್ನು ನೂರು ಅಂತ ಇಟ್ಟರೆ, 40ರಿಂದ 60ರ ನಡುವೆ. 95 ದಾಟಿದವರು ಗ್ರ್ಯಾಂಡ್ ಮಾಸ್ಟರ್.

ಚಿಲ್ಲರೆ ಪ್ರಶ್ನೆಗಳು, ಒಟ್ಟಿಗೇ

ರೆಡ್ ಡಾಟ್ ಬೇಕಾ, ಕಬ್ಬಿಣದ ಸೈಟ್ ಸಾಕಾ? ನಲವತ್ತು ದಾಟಿ ಓದುವ ಕನ್ನಡಕ ಬಂದಿದ್ದರೆ ರೆಡ್ ಡಾಟ್. ಇಲ್ಲದಿದ್ದರೆ ಈಗ ಸಾದಾದು ಸಾಕು, ಆದರೆ ಮುಂದೆ ಡಾಟ್ ಕೂರಿಸಲು ಜಾಗ ಕೊರೆದಿರುವ ಮಾಡೆಲ್ಲೇ ತಗೊಳ್ಳಿ.

ಕಿವಿಗೆ ಏನು? ಎಲೆಕ್ಟ್ರಾನಿಕ್ ಮಫ್. ಗುಂಡಿನ ಸದ್ದು ತಡೆಯುತ್ತದೆ, ರೇಂಜ್ ಆಫೀಸರ್ ಮಾತು ಕೇಳಿಸುತ್ತದೆ. ಒಳಾಂಗಣದಲ್ಲಿ ಅದರ ಕೆಳಗೆ ಫೋಮಿನ ಪ್ಲಗ್ ಕೂಡ.

ಬೂಟು? ಜಲ್ಲಿ ಮೇಲೆ ಜಾರದ ಯಾವುದಾದರೂ. ಫುಟ್‌ಬಾಲಿನ ಹಳೇ ಬೂಟಿದ್ದರೆ ಸಾಕು, ಲೋಹದ ಮುಳ್ಳು ಇರಬಾರದು.

ಟೈಮರ್ ಕೊಳ್ಳಲೇಬೇಕಾ? ನೂರು ಡಾಲರ್ ಮೇಲೆ ಆಗುತ್ತದೆ. ಮನೆಯ ಅಭ್ಯಾಸಕ್ಕೆ ಫೋನಿನ ಆ್ಯಪ್ ಬೀಪ್ ಹೊಡೆಯುತ್ತದೆ, ಮೊದಲ ವರ್ಷ ಅಷ್ಟು ಸಾಕು.

ಗುಂಡು ಯಾವುದು? ಹಿತ್ತಾಳೆ ತೋಟೆಯ 115 ಅಥವಾ 124 ಗ್ರೇನ್, ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಮನೆಗೆ ತಂದು ಒಂದು ಅಯಸ್ಕಾಂತ ಹಿಡಿದು ನೋಡಿ. ತುದಿಗೆ ಅಂಟಿಕೊಂಡರೆ ಆ ಡಬ್ಬ ಪಕ್ಕಕ್ಕಿಡಿ, ಉಕ್ಕಿನ ತಟ್ಟೆ ಹಾಳಾಗುತ್ತದೆ ಅಂತ ತುಂಬಾ ಕ್ಲಬ್ಬುಗಳು ಅದನ್ನು ಬಿಡುವುದಿಲ್ಲ.

ಮ್ಯಾಚಿನ ದಿನ ಊಟಕ್ಕೆ ಏನು ಒಯ್ಯಲಿ? ನಾನು ಮೊಸರನ್ನ ಒಯ್ಯುತ್ತೇನೆ, ಐಸ್ ಬಾಕ್ಸಿನಲ್ಲಿ, ನಂಜಿಕೊಳ್ಳಲು ಮಾವಿನಕಾಯಿ ಉಪ್ಪಿನಕಾಯಿ. ಸ್ಕ್ವಾಡಿನ ಇಬ್ಬರು ಅಮೆರಿಕನ್ನರು ಈಗ ತಮಗೂ ಒಂದು ಡಬ್ಬಿ ಅಂತ ಕೇಳುತ್ತಾರೆ. ಮೇಲೆ ಸೀಸದ ವಿಷಯ ಓದಿದ್ದೀರಲ್ಲ, ಕೈಯಲ್ಲಿ ಕಲಸಬೇಡಿ. ಚಮಚ ಒಯ್ಯಿರಿ.